ನಮ್ಮ ಓಣಿಯ ಸತ್ಯಭಾಮೆ

ಕಾಕಾನ ಮನೆಯವರೆ, ಹಳೇ ಊರಿನ ನಮ್ಮ ಓಣಿಯ ಹಿರಿಯರೆ, ಅವ್ವಂದಿರೆ, ನವನಗರದಲ್ಲೇ ಹುಟ್ಟಿ ಆ ಓಣಿಯನ್ನು ಕಣ್ಣಿಂದ ನೋಡದ ಮಕ್ಕಳೆ, ಎಲ್ಲರಿಗೂ ಶರಣು.

ಕಾಕಾನ ನೆನಪಿಗೆ ಇಟ್ಟ ಈ ಆಟಕ್ಕೆ ನನ್ನನ್ನು ಕರೆಯಲು ಬಂದ ಹುಡುಗರು, "ಅಂಗಡಿ ಬಗ್ಗೆ ಬ್ಯಾರೇದವ್ರು ಮಾತಾಡ್ತಾರ್ರೀ ಟೀಚರ್, ನೀವು ಪಾರಿಜಾತದ್ದಷ್ಟ ಹೇಳ್ರಿ" ಅಂದಿದ್ದರು. ಪಾರಿಜಾತ ಅಂದರೆ ಕಾಕಾ ಸತ್ಯಭಾಮೆಯ ಪಾತ್ರ ಕಟ್ಟುತ್ತಿದ್ದ ಶ್ರೀಕೃಷ್ಣ ಪಾರಿಜಾತ ಬಯಲಾಟ. ಆಗಲಿ ಅಂದೆ. ಮನೆಗೆ ಬಂದು ಬರೆಯಲು ಕುಳಿತಾಗ ಎರಡನ್ನೂ ಬಿಡಿಸಲು ಬರಲಿಲ್ಲ. ಕುಣಿತದ ಬಗ್ಗೆ ಒಂದು ಸಾಲು ಬರೆದರೆ ಅದರೊಳಗೆ ಬೆಲ್ಲದ ವಾಸನೆ ಬರುತ್ತಿತ್ತು. ಹಾಗಾಗಿ ಎರಡನ್ನೂ ಕೂಡಿಸಿಯೇ ಹೇಳುತ್ತೇನೆ, ಹುಡುಗರು ಸಿಟ್ಟಾಗಬಾರದು.

ಹಳೇ ಬಾಗಲಕೋಟೆಯ ನಮ್ಮ ಓಣಿಯ ಮೂಲೆಗೆ ಕಾಕಾನ ಕಿರಾಣಿ ಅಂಗಡಿ. ಮೂರು ಮೆಟ್ಟಿಲು, ಎರಡು ಬಾಗಿಲು, ಒಳಗೆ ಹಗಲಲ್ಲೂ ಅರೆಗತ್ತಲು. ಬಾಗಿಲ ಬದಿಗೆ ಮಹಾಲಿಂಗಪುರದ ಬೆಲ್ಲದ ಪೆಂಟಿಗಳು, ಅದರಾಚೆ ಶೇಂಗಾ, ಪುಟಾಣಿ, ಗುರೆಳ್ಳು, ಅಗಸಿ. ಚುರಮುರಿಯ ದೊಡ್ಡ ಚೀಲಕ್ಕೆ ನಾವು ಬೆನ್ನು ಕೊಟ್ಟು ನಿಲ್ಲುತ್ತಿದ್ದೆವು, ಮೆತ್ತಗೆ ಇರುತ್ತಿತ್ತು. ಗಲ್ಲಾದ ಮೇಲೆ ಹಿತ್ತಾಳೆಯ ತಕ್ಕಡಿ. ಸತ್ಯಭಾಮೆ ತನ್ನ ಬಂಗಾರವನ್ನೆಲ್ಲ ತಂದಿಟ್ಟರೂ ಕೃಷ್ಣನ ತೂಕಕ್ಕೆ ಸಾಲದೆ, ರುಕ್ಮಿಣಿಯ ಒಂದು ತುಳಸಿ ಎಲೆಗೆ ತಟ್ಟೆ ಎದ್ದ ಕಥೆ ನಮಗೆಲ್ಲ ಗೊತ್ತಿತ್ತು. ಒಂದು ದಿನ ನಮ್ಮೊಳಗಿನ ಒಬ್ಬ ಹುಡುಗ ಮನೆಯ ಕಟ್ಟೆಯಿಂದ ತುಳಸಿ ಕಿತ್ತು ತಂದು, "ಕಾಕಾ, ಇದಕ್ಕ ಎಷ್ಟ ಬೆಲ್ಲ ಬರತೈತಿ?" ಅಂದ. ಕಾಕಾ ನಗಲಿಲ್ಲ. ಎಲೆಯನ್ನು ಹಣೆಗೆ ಒತ್ತಿಕೊಂಡು ಒಂದು ತಟ್ಟೆಯಲ್ಲಿಟ್ಟ. ಇನ್ನೊಂದರಲ್ಲಿ ಬೆಲ್ಲದ ಚೂರು ಇಟ್ಟ. ಬೆಲ್ಲದ ತಟ್ಟೆ ದಡ್ಡಂತ ಕೆಳಗೆ ಹೋಯಿತು. "ನೋಡಪಾ, ಇನ್ನೂ ನನಗ ಅಷ್ಟು ಭಕ್ತಿ ಬಂದಿಲ್ಲ, ಹಂಗಾಗಿ ತೂಕ ಕೂಡವಲ್ದು" ಅಂತ ಹೇಳಿ ಬೆಲ್ಲವನ್ನು ಹುಡುಗನ ಕೈಗೆ ಕೊಟ್ಟ. ಮರುದಿನ ನಾವು ಹನ್ನೊಂದು ಮಕ್ಕಳು ತುಳಸಿ ಹಿಡಿದು ಸಾಲಾಗಿ ನಿಂತಿದ್ದೆವು. ಹನ್ನೊಂದು ಸಲವೂ ಆತ ತೂಗಿದ.

ಮಕ್ಕಳಿಗೆ ಪಾರಿಜಾತದ ವಿಷಯ ಸ್ವಲ್ಪ ಹೇಳಬೇಕು. ನಾರದ ಸ್ವರ್ಗದಿಂದ ಒಂದು ಪಾರಿಜಾತದ ಹೂ ತಂದು ಕೃಷ್ಣನಿಗೆ ಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಇಷ್ಟೇ ಕಥೆ. ಬೆಳತನಕ ಆಡಲು ಇಷ್ಟು ಸಾಕು. ಮೂಲ ಕೃತಿ ಅಪರಾಳ ತಮ್ಮಣ್ಣನದು. ಅದನ್ನು ಆಟಕ್ಕೆ ಒಗ್ಗಿಸಿ ಜನರ ನಡುವೆ ತಂದವನು ಬೆಳಗಾವಿ ಸೀಮೆಯ ಕುಲಗೋಡ ತಮ್ಮಣ್ಣ. ಹೆಣ್ಣು ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದ ಆಟಕ್ಕೆ ಕೌಜಲಗಿ ನಿಂಗಮ್ಮ ಬಂದು ದೊಡ್ಡ ಹೆಸರು ಮಾಡಿದಳು. ಆಕೆಯ ಹೆಸರು ಬಂದರೆ ಕಾಕಾ ಅಂಗಡಿಯಲ್ಲಿ ಕುಂತಲ್ಲೇ ಕೈ ಮುಗಿಯುತ್ತಿದ್ದ. ನಮ್ಮ ಓಣಿಯ ಮೇಳದಲ್ಲಿ ಮಾತ್ರ ಭಾಮೆಯ ಪಾತ್ರಕ್ಕೆ ಹೆಣ್ಣುಮಕ್ಕಳು ಬಂದಿರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪಾತ್ರ ಕಾಕಾನದೇ.

ಅದಕ್ಕಾಗಿ ಮೀಸೆ ಬೋಳಿಸಿಕೊಂಡೇ ಇದ್ದ. ಪ್ಯಾಟಿಯಲ್ಲಿ ಅಂದವರು ಅಂದರು, ಆಡಿಕೊಂಡವರು ಆಡಿಕೊಂಡರು. ಅದನ್ನು ಇಲ್ಲಿ ಮತ್ತೆ ಎತ್ತಿ ಹೇಳುವುದು ನನಗೆ ಬೇಡ. ಕಾಕಿ ಇಲ್ಲೇ ಮುಂದೆ ಕುಂತಾಳ. ಮೇಳದ ಪೆಟ್ಟಿಗೆಯಲ್ಲಿದ್ದ ಸೀರೆ ಹರಿದಾಗ ತನ್ನ ಮದುವೆಯ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ತೆಗೆದುಕೊಟ್ಟವಳು ಆಕೆ. ಕುಪ್ಪಸ ಹಿಡಿಯಲಿಲ್ಲವೆಂದು ಹೊಲಿಗೆ ಬಿಚ್ಚಿ ಬಗಲಿಗೆ ತುಂಡು ಕೂಡಿಸಿದವಳೂ ಆಕೆಯೇ. ಅಂದವರಿಗೆ ಆ ಹೊಲಿಗೆಯೇ ಉತ್ತರ.

ನನಗಾಗ ಒಂಬತ್ತು ವರ್ಷ. ಪಾತ್ರ ಮೊದಲ ಸಲ ಬರುವಾಗ ಇಬ್ಬರು ಪರದೆ ಹಿಡಿಯುತ್ತಾರೆ, ನೋಡಿರಬೇಕು ನೀವು. ಅವತ್ತು ಹಿಡಿಯುವವರಲ್ಲಿ ಒಬ್ಬನಿಗೆ ಜ್ವರ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನನ್ನು ಎಬ್ಬಿಸಿ ಪರದೆಯ ತುದಿ ಕೈಗೆ ಕೊಟ್ಟರು. ನನ್ನ ಎತ್ತರ ಸಾಲದೆ ಕೈ ಎರಡನ್ನೂ ಮೇಲೆತ್ತಿ, ತುದಿಗಾಲಿನ ಮೇಲೆ ನಿಂತಿದ್ದೆ. ಪರದೆಯ ಒಳಗೆ ಸತ್ಯಭಾಮೆ ಬಂದು ನಿಂತಳು. ಅರದಾಳ ಹಚ್ಚಿದ ಮುಖ, ಕಣ್ಣಿಗೆ ಕಾಡಿಗೆ, ಮೂಗಿಗೆ ನತ್ತು, ಕಾಲಿಗೆ ಗೆಜ್ಜೆ. ದಿನಾ ನೋಡಿದ ಮನುಷ್ಯನೆಂದು ನನಗೆ ಗುರುತೇ ಹತ್ತಲಿಲ್ಲ, ಹೆದರಿದೆ. ಪೇಟಿ ಸುರುವಾಯಿತು, ತಬಲಾ ಬಿತ್ತು. ಭಾಮೆ ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಅಂದಳು, "ಮುಂಜಾನೆ ನಿಮ್ಮವ್ವಗ ಹೇಳವಾ, ಶೇಂಗಾ ಎಣ್ಣಿ ಬಂದೈತಿ, ಡಬ್ಬಿ ಕೊಟ್ಟ ಕಳಸು ಅಂತ." ನಾನು ಹ್ಞೂಂ ಅನ್ನುವಷ್ಟರಲ್ಲಿ ಗೆಜ್ಜೆ ಜಳ್ಳಂದಿತು. ಆಚೆ ತುದಿ ಹಿಡಿದವನು ಪರದೆ ಬಿಟ್ಟ, ನಾನೂ ಬಿಟ್ಟೆ. ಅಷ್ಟು ಜನರ ನಡುವೆ ದ್ವಾರಕೆಯ ರಾಣಿ ನಡೆದು ಹೋದಳು.

ಆ ಹೆಜ್ಜೆಯನ್ನು ಹೇಗೆ ಹೇಳಲಿ? ಬರುವಾಗ ಎದೆ ಎತ್ತಿ ಬರುತ್ತಿದ್ದ, ಬಲಗಾಲು ಇಡುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದ. ಯಾರು ನೀನು, ನಿನ್ನ ಹೆಸರೇನು ಎಂದು ಭಾಗವತ ಕೆಣಕುತ್ತಾನೆ, ಭಾಮೆ ಸುಲಭಕ್ಕೆ ಹೆಸರು ಹೇಳುವವಳಲ್ಲ. ಇಲ್ಲಿ ಬಹಳಷ್ಟು ಜನ ಕುಣಿದು ಕುಣಿದು ಬಿಂಕ ತೋರಿಸುತ್ತಾರೆ. ಕಾಕಾನೂ ಕುಣಿಯುತ್ತಿದ್ದ, ನೋಡುವವರು ಸಿಳ್ಳೆ ಹಾಕುವಂತೆ ಕುಣಿಯುತ್ತಿದ್ದ. ಹೂ ರುಕ್ಮಿಣಿಗೆ ಹೋಯಿತು ಎಂಬ ಸುದ್ದಿ ಬಂದಾಗ ಮಾತ್ರ ಆತನ ಕಾಲು ನಿಂತುಬಿಡುತ್ತಿತ್ತು. ತಬಲಾ ನಡೆದಿದೆ, ತಾಳ ನಡೆದಿದೆ, ಭಾಮೆ ನಿಂತಿದ್ದಾಳೆ. ಸೆರಗಿನ ತುದಿ ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಅಷ್ಟೇ. ಹೆಣ್ಣುಮಕ್ಕಳ ಕಡೆಯಿಂದ ಮೂಗು ಏರಿಸುವ ಸದ್ದು ಕೇಳಿಬರುತ್ತಿತ್ತು. ಎಷ್ಟೋ ವರ್ಷದ ಮೇಲೆ, ಯಾಕೆ ಅಲ್ಲಿ ಕುಣಿಯುವುದಿಲ್ಲ ಅಂತ ಕೇಳಿದೆ. "ಸಿಟ್ಟು ಬಂದಾಕಿ ಕುಣೀತಾಳೇನವಾ? ನಮ್ಮ ಓಣ್ಯಾಗ ನೋಡೀನಲ್ಲ. ಸಿಟ್ಟು ಬಂದಾಕಿ ಅಂಗಡಿಗೆ ಬಂದು ಏನೂ ಕೇಳದ ಸುಮ್ಮ ನಿಂದರ್ತಾಳ" ಅಂದ.

ಇದು ನನಗೆ ಬಹಳ ದೊಡ್ಡ ಮಾತಾಗಿ ಕಂಡಿತು, ಈಗಲೂ ಕಾಣುತ್ತದೆ. ಗಲ್ಲಾದ ಮುಂದೆ ನಿಂತ ಹೆಂಗಸರಿಂದ ಆತ ಭಾಮೆಯನ್ನು ಕಲಿತ. ಭಾಮೆಯಿಂದ ಆ ಹೆಂಗಸರನ್ನು ಕಲಿತ. ಕಾಕಾನ ಉದ್ರಿ ಪುಸ್ತಕ ನೆನಪಿದೆಯಲ್ಲ, ಕೆಂಪು ಬಟ್ಟೆ ಸುತ್ತಿದ ಉದ್ದನೆಯದು? ಪ್ಯಾಟಿಯ ಬೇರೆ ಅಂಗಡಿಗಳಲ್ಲಿ ಉದ್ರಿ ಗಂಡಸರ ಹೆಸರಿಗೆ. ಕಾಕಾನ ಪುಸ್ತಕದಲ್ಲಿ ಹೆಂಗಸರ ಹೆಸರಿಗೆ. ನನ್ನ ಅವ್ವನ ಹೆಸರು ಮೊದಲ ಸಲ ಕಾಗದದ ಮೇಲೆ ಕಂಡದ್ದು ನನಗೆ ಅಲ್ಲೇ. ನಾನು ಎರಡನೆಯ ಇಯತ್ತೆ, ಅಕ್ಷರ ಕೂಡಿಸಿ ಓದಿ, ಓಡಿಬಂದು ಅವ್ವನಿಗೆ ಹೇಳಿದೆ. ಆಕೆಗೆ ಓದಲು ಬರುತ್ತಿರಲಿಲ್ಲ. ಮರುದಿನ ತಾನೇ ಹೋಗಿ, ಎಲ್ಲಿದೆ ತೋರಿಸು ಅಂತ ಕೇಳಿ, ಆ ಅಕ್ಷರದ ಮೇಲೆ ಬೆರಳಿಟ್ಟು ನೋಡಿ ಬಂದಳು. ಅಪ್ಪನೂ ಒಮ್ಮೆ ಜಗಳಕ್ಕೆ ಹೋದ, ಮನೆ ಯಜಮಾನ ನಾನು, ಆಕಿ ಹೆಸರಿಗೆ ಯಾಕ ಬರೀತಿ ಎಂದು. ಕಾಕಾ ಸಮಾಧಾನದಿಂದ, "ರಾತ್ರಿ ಬೆಳತನಕ ಭಾಮಾನ ಮಾತು ಆಡಾಂವ ನಾನು. ಹಗಲಿ ಹೆಣ್ಣಮಗಳ ಹೆಸರು ಬರಿಯಾಕ ನಾಚಿಕಿ ಯಾಕೋ ಅಣ್ಣಾ?" ಅಂದನಂತೆ. ಅಪ್ಪ ವಾಪಸು ಬಂದು ಊಟ ಮಾಡಿ ಮಲಗಿದ. ಲೆಕ್ಕ ಅವ್ವನ ಹೆಸರಿನಲ್ಲೇ ಮುಂದುವರಿಯಿತು. ಆಕೆ ಹೆಸರು ಕೆಡಬಾರದೆಂದು ಎಮ್ಮೆಯ ಹಾಲು ಮಾರಿ ಪ್ರತಿ ಅಮಾಸೆಗೆ ಬಾಕಿ ತೀರಿಸುತ್ತಿದ್ದಳು.

ಆಮೇಲೆ ನೀರು ಬಂತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು, ಕೃಷ್ಣೆಯಿಂದ ಘಟಪ್ರಭೆಗುಂಟ ಏರಿ ನಮ್ಮ ಊರಿಗೆ ತಾಕಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್ ಎಂಬ ಸಂಖ್ಯೆ ನಮ್ಮ ಓಣಿಯಲ್ಲಿ ಮಕ್ಕಳಿಗೂ ಬಾಯಿಪಾಠ. ಈಗ ಅದನ್ನು 524.256ಕ್ಕೆ ಏರಿಸುವ ಮಾತಾಡುತ್ತಾರೆ, ಇನ್ನೆಷ್ಟು ಓಣಿಗಳಿಗೆ ಆ ಸಂಖ್ಯೆ ಬಾಯಿಪಾಠವಾಗಲಿದೆಯೋ. ಪರಿಹಾರಕ್ಕೆ ಅಳೆಯಲು ಬಂದವರು ಕಾಕಾನ ಅಂಗಡಿಯ ಗೋಡೆ ಅಳೆದರು, ಬಾಗಿಲು, ತೊಲೆ ಎಣಿಸಿದರು. ಇನ್ನೂ ಏನಾದರೂ ಇದೆಯಾ ಅಂತ ಕೇಳಿದಾಗ ಆತ ಉದ್ರಿ ಪುಸ್ತಕ ತೆಗೆದು ಮುಂದಿಟ್ಟ. ಇದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ ಅಂದರು. ಆತ ಹಣ ಕೇಳಿರಲಿಲ್ಲ. ಆ ಪುಸ್ತಕದಲ್ಲಿದ್ದ ಮನೆಗಳನ್ನು ಹತ್ತಿರ ಹತ್ತಿರ ಕೊಡಿರಿ ಅಂತ ಕೇಳಲು ತೆಗೆದಿದ್ದ. ಆ ಮಾತು ಕೇಳಿಸಿಕೊಳ್ಳುವ ಪುರುಸೊತ್ತು ಅವರಿಗಿರಲಿಲ್ಲ. ಮುಳುಗಿದವರಿಗಾಗಿ ಕಟ್ಟಿದ ನವನಗರದಲ್ಲಿ ಒಬ್ಬರಿಗೆ ಒಂದು ಸೆಕ್ಟರ್, ಇನ್ನೊಬ್ಬರಿಗೆ ಮತ್ತೊಂದು. ಒಂದೇ ಗೋಡೆಗೆ ಆಚೀಚೆ ಇದ್ದ ಅಕ್ಕ-ತಂಗಿಯರ ನಡುವೆ ಆಟೋ ಹಿಡಿಯುವಷ್ಟು ದೂರವಾಯಿತು.

ನವನಗರದಲ್ಲಿ ಹೊಸ ಅಂಗಡಿ ಹಾಕಿದ ಮೊದಲ ವರ್ಷ ಕಾಕಾ ಮಧ್ಯಾಹ್ನ ಬಾಗಿಲು ಹಾಕಿ ಸೈಕಲ್ ಹತ್ತುತ್ತಿದ್ದ. ಹಿಂದೆ ಒಂದು ಚೀಲ. ಉದ್ರಿ ಪುಸ್ತಕ ನೋಡಿ ನೋಡಿ ಸೆಕ್ಟರ್ ತಿರುಗುತ್ತಿದ್ದ. ವಸೂಲಿಗೆ ಬಂದ ಅಂತ ಮೊದಮೊದಲು ಕೆಲವರು ಬಾಗಿಲು ತೆರೆಯಲಿಲ್ಲ, ಇಲ್ಲಿ ಕುಂತವರಲ್ಲೂ ಅಂಥವರಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ಆತ ಕೇಳಲು ಬಂದದ್ದು ಒಂದೇ ಮಾತು, "ಮುಂದಿನ ಹುಣ್ಣಿವಿಗೆ ಆಟ ಇಟ್ಟೀವಿ, ಬರ್ರಿ." ಖಾಲಿ ನಿವೇಶನದಲ್ಲಿ ಜಾಲಿ ಕಡಿದು, ಎರಡು ಟ್ಯೂಬ್‌ಲೈಟ್ ಕಟ್ಟಿ ಅವತ್ತು ಪಾರಿಜಾತ ಆಡಿದರು. ಬೇರೆ ಬೇರೆ ಸೆಕ್ಟರ್‌ಗಳಿಂದ ಓಣಿಗೆ ಓಣಿಯೇ ನಡೆದು ಬಂದಿತ್ತು. ಯಾರೂ ಹೇಳದಿದ್ದರೂ ಜನ ಹಳೇ ಓಣಿಯಲ್ಲಿ ಯಾರ ಮಗ್ಗುಲಿಗೆ ಯಾರ ಮನೆ ಇತ್ತೋ ಅದೇ ಸಾಲಿನಲ್ಲಿ ಕುಳಿತಿದ್ದರು. ಅವ್ವ ಅದನ್ನು ನನಗೆ ತೋರಿಸಿದಳು.

ಬಯಲಾಟ ಅಕಾಡೆಮಿ ಈಗ ನಮ್ಮ ಬಾಗಲಕೋಟೆಯಲ್ಲೇ ಇದೆ, ಕಲೆಯ ಬಗ್ಗೆ ನನಗಿಂತ ಚಲೋ ಮಾತನಾಡುವವರು ಊರಲ್ಲಿ ಬೇಕಾದಷ್ಟಿದ್ದಾರೆ. ನಾನು ನೋಡಿದ್ದನ್ನಷ್ಟೇ ಹೇಳಿದೆ. ಕೊನೆಯ ಎರಡು ವರ್ಷ ಮೊಣಕಾಲು ಬಗ್ಗದಾಗ ಕಾಕಾ ಗಲ್ಲಾದ ಮೇಲೆ ಕುಳಿತೇ ಮೊಮ್ಮಗಳಿಗೆ ಹೆಜ್ಜೆ ಹೇಳಿಕೊಟ್ಟ. ತಕ್ಕಡಿಯ ಅರ್ಧ ಕೇಜಿ ಕಲ್ಲಿನಿಂದ ಹಲಗೆಗೆ ತಾಳ ಬಡಿಯುತ್ತ, ಗಿರಾಕಿ ಬಂದರೆ ಅದೇ ಕಲ್ಲನ್ನು ತಟ್ಟೆಗೆ ಹಾಕಿ ಸಕ್ಕರೆ ತೂಗಿ ಕೊಟ್ಟು, ಮತ್ತೆ ಎತ್ತಿಕೊಂಡು ಬಿಟ್ಟಲ್ಲಿಂದ ಹಿಡಿಯುತ್ತಿದ್ದ. ನಮ್ಮ ಮೇಳದಲ್ಲಿ ಭಾಮೆಯಾಗುತ್ತಿರುವ ಮೊದಲ ಹೆಣ್ಣುಮಗಳು ಅವಳು.

ಅವಳು ಗೆಜ್ಜೆ ಕಟ್ಟಿಕೊಂಡು ಹಿಂದೆ ಕುಂತಾಳ. ಅದೇ ಇಳಕಲ್ ಸೀರೆ, ಅದೇ ಕುಪ್ಪಸ, ಕಾಕಿ ಬಗಲಿನ ತುಂಡನ್ನು ಬಿಚ್ಚಿ ಮತ್ತೆ ಹೊಲಿದಿದ್ದಾಳೆ. ಪೇಟಿಯವರು ಆಗಿನಿಂದ ನನ್ನನ್ನೇ ನೋಡುತ್ತಿದ್ದಾರೆ, ಸುರು ಮಾಡ್ರಿ. ಪರದೆ ಹಿಡಿಯಲು ಇಬ್ಬರು ಬೇಕು. ಒಂದು ತುದಿ ನಾನು ಹಿಡಿಯುತ್ತೇನೆ, ಈಗ ನನ್ನ ಎತ್ತರ ಸಾಲುತ್ತದೆ. ಇನ್ನೊಂದು ತುದಿಗೆ ಯಾರಾದರೂ ಒಬ್ಬರು ಎದ್ದು ಬರ್ರಿ.