ಎಡವಿದ ಬೆರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣು ಎಣಿಸಿ. ಹನ್ನೆರಡು ಬಂತು, ಅಲ್ವಾ? ನಮ್ಮಜ್ಜಿ ಹಾಲಿನ ಲೆಕ್ಕ ಇಡುತ್ತಿದ್ದುದೇ ಹೀಗೆ. ಒಂದೊಂದು ಗೆಣ್ಣಿಗೂ ಒಂದೊಂದು ಪುಟ್ಟ ಮೂಳೆ. ಹೆಬ್ಬೆರಳಿಗೆ ಎರಡೇ. ಅಲ್ಲಿಗೆ ಕೈಯೊಂದಕ್ಕೆ 14, ಕಾಲಿಗೂ ಅಷ್ಟೇ, ಒಟ್ಟು 56. ಮೈಯಲ್ಲಿರುವ 206 ಮೂಳೆಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಈ ಬೆರಳುಗಳಲ್ಲೇ ಇವೆ. ಕಾಲಿನ ಕಿರುಬೆರಳಲ್ಲಿ ಮಾತ್ರ ಎಷ್ಟೋ ಜನಕ್ಕೆ ಎರಡು ಮೂಳೆ ಕೂಡಿಕೊಂಡು ಒಂದೇ ಆಗಿರುತ್ತದೆ. ಅದೇನೂ ಕಾಯಿಲೆಯಲ್ಲ.

ಈಗ ಎಡಗೈಯಿಂದ ಬಲ ಮುಂಗೈಯನ್ನು ಹಿಡಿದು, ಬಲಗೈ ಬೆರಳು ಆಡಿಸಿ. ಒಳಗೇನೋ ಸರಿದಾಡುತ್ತದೆ. ಬೆರಳೊಳಗೆ ಸ್ನಾಯುವೇ ಇಲ್ಲ. ಸ್ನಾಯುಗಳೆಲ್ಲ ಮುಂಗೈಯಲ್ಲಿ, ಅಂಗೈಯಲ್ಲಿ. ಅಲ್ಲಿಂದ ಬರುವ ಹುರಿಗಳು ಮೂಳೆಯನ್ನು ಎಳೆಯುತ್ತವೆ.

ನನ್ನ ಉಂಗುರ ಬೆರಳಿನ ತುದಿ ಸ್ವಲ್ಪ ಬಾಗಿದೆ. ಹೈಸ್ಕೂಲಿನಲ್ಲಿ ಕ್ರಿಕೆಟ್ ಚೆಂಡು ಹಿಡಿಯಲು ಹೋಗಿ ತುದಿಗೆ ಬಡಿಸಿಕೊಂಡೆ. "ಉಳುಕಿರಬೇಕು" ಅಂತ ಗೆಳೆಯನೊಬ್ಬ ಲಟಕ್ಕನೆ ಎಳೆದ. ಆಮೇಲೆ ಅರಿಸಿನದ ಪಟ್ಟು. ನೋವೇನೋ ಹೋಯಿತು, ತುದಿ ನೇರವಾಗಲೇ ಇಲ್ಲ. ತುದಿಯನ್ನು ಮೇಲೆತ್ತುವ ಹುರಿ ಕಿತ್ತುಬಂದಿತ್ತು. ಡಾಕ್ಟರುಗಳು ಇದಕ್ಕೆ ಮ್ಯಾಲೆಟ್ ಫಿಂಗರ್ ಅನ್ನುತ್ತಾರೆ. ಮದ್ದು ಬಲು ಸುಲಭ, ತಾಳ್ಮೆ ಮಾತ್ರ ಕಷ್ಟ. ಪಟ್ಟಿ ಕಟ್ಟಿ ತುದಿಯನ್ನು 6ರಿಂದ 8 ವಾರ ನೆಟ್ಟಗೆ ಇಡಬೇಕು. ಸ್ನಾನಕ್ಕೆಂದು ಬಿಚ್ಚಿದಾಗ ಒಮ್ಮೆ ಜೋತುಬಿದ್ದರೂ ಲೆಕ್ಕ ಮೊದಲಿನಿಂದ ಶುರು.

ನೆಟಿಗೆ ಮುರಿದರೆ ಮೂಳೆ ಸವೆಯುತ್ತದೆ ಅನ್ನುವುದು ಹಳೆಯ ಹೆದರಿಕೆ. ಆ ಸದ್ದು ಮೂಳೆಯದ್ದಲ್ಲ, ಕೀಲಿನ ದ್ರವದೊಳಗಿನ ಗಾಳಿಗುಳ್ಳೆಯದು. ಅಮೆರಿಕದ ಡಾಕ್ಟರ್ ಡೊನಾಲ್ಡ್ ಅಂಗರ್ ಸುಮಾರು 60 ವರ್ಷ ಎಡಗೈಯ ನೆಟಿಗೆಯನ್ನಷ್ಟೇ ಮುರಿದರು. ಎರಡು ಕೈಗೂ ಸಂಧಿವಾತ ಬರಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಸಿಕ್ಕಿತು. ಒಬ್ಬರ ಕೈ ನೋಡಿ ತೀರ್ಪು ಕೊಡಲಾಗದು, ಬಿಡಿ. ಆದರೂ ದೃಷ್ಟಿ ತೆಗೆದು ನೆಟಿಗೆ ಮುರಿಯುವ ಅಜ್ಜಿಯರನ್ನು ತಡೆಯುವ ಅಗತ್ಯವಿಲ್ಲ.

ಇನ್ನು ಕಾಲು. ಎಡವಿದ ಬೆರಳೇ ಮತ್ತೆ ಎಡವುತ್ತದೆ ಅನ್ನುತ್ತೇವೆ. ಕತ್ತಲಲ್ಲಿ ಮಂಚದ ಕಾಲಿಗೆ ಬಡಿದು ಕಿರುಬೆರಳು ಮುರಿದರೆ, ಮೂಳೆ ಅಲುಗಾಡದೆ ಇದ್ದಲ್ಲೇ ಇದ್ದರೆ, ನಡುವೆ ಹತ್ತಿಯಿಟ್ಟು ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿದರೆ ಸಾಮಾನ್ಯವಾಗಿ ಸಾಕು. ಬೆರಳು ಸೊಟ್ಟಗಾಗಿದ್ದರೆ, ಮರಗಟ್ಟಿದ್ದರೆ, ಪೆಟ್ಟು ಹೆಬ್ಬೆರಳಿಗಾಗಿದ್ದರೆ ಎಕ್ಸ್‌ರೇ ಬೇಕು. ಪೆಟ್ಟೇ ಇಲ್ಲದೆ ನಡುರಾತ್ರಿ ಹೆಬ್ಬೆರಳಿನ ಬುಡ ಕೆಂಪಾಗಿ, ಹೊದಿಕೆ ತಾಗಿದರೂ ಜೀವ ಹೋದಂತಾದರೆ ಅದು ಗೌಟ್ ಇರಬಹುದು. ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಕೂತಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ಇದರ ಉಲ್ಟಾ. ಗಾಯವಾದರೂ ನೋವೇ ತಿಳಿಯುವುದಿಲ್ಲ. ಅವರು ದಿನಾ ರಾತ್ರಿ ಬೆರಳ ಸಂದಿಯನ್ನು ಕಣ್ಣಾರೆ ನೋಡಬೇಕು.

ಇನ್ನೊಂದು ಮಾತು. ಬೆರಳಿಗೆ ಪೆಟ್ಟಾದ ತಕ್ಷಣ, ಊತ ಏರುವ ಮುಂಚೆ, ಉಂಗುರ ತೆಗೆಯಿರಿ. ಕಾಲುಂಗುರವನ್ನೂ ತೆಗೆಯಿರಿ. ತಡವಾದರೆ ಅದು ಬಿಗಿದು ರಕ್ತ ಓಡಾಟವೇ ನಿಲ್ಲಬಹುದು. ಸೋಪು ಹಚ್ಚಿದರೂ ಜಾರದಿದ್ದರೆ ಎಳೆದಾಡಬೇಡಿ. ಆಸ್ಪತ್ರೆಗೆ ಹೋಗಿ ಕತ್ತರಿಸಿ ತೆಗೆಸಿ. ಅಕ್ಕಸಾಲಿಗರು ಮತ್ತೆ ಬೆಸೆದು ಕೊಡುತ್ತಾರೆ.

ನಮಸ್ಕಾರ.