ವಯೋಲಾ ದೊಡ್ಡ ಪಿಟೀಲಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ವಯೋಲಾ ನುಡಿಸುವವರ ಬೆನ್ನು ಬಿಡದ ಪ್ರಶ್ನೆಯೊಂದಿದೆ. ಪೆಟ್ಟಿಗೆಯಿಂದ ವಾದ್ಯವನ್ನು ಹೊರತೆಗೆದ ಕೂಡಲೇ ಪಕ್ಕದಲ್ಲಿದ್ದವರು ಕೇಳುತ್ತಾರೆ: "ಇದು ಪಿಟೀಲೇ ತಾನೇ? ಸ್ವಲ್ಪ ದೊಡ್ಡದು, ಅಷ್ಟೇ ಅಲ್ಲವೇ?" ಒಂದು ಕಚೇರಿಯನ್ನೂ ತಪ್ಪಿಸದ ರಸಿಕರೂ ಇದನ್ನೇ ಕೇಳುತ್ತಾರೆ. ಇವತ್ತು ನನಗೆ ಸಿಕ್ಕಿರುವ ಸಮಯವನ್ನು ಈ ಪ್ರಶ್ನೆಗೇ ಮೀಸಲಿಡುತ್ತೇನೆ. ವಯೋಲಾ ದೊಡ್ಡ ಪಿಟೀಲಲ್ಲ. ನಿಜ ಹೇಳಬೇಕೆಂದರೆ ಅದು ಚಿಕ್ಕ ವಾದ್ಯ. ತಾನು ಹಾಡಬೇಕಾದ ಶ್ರುತಿಗೆ ಸಾಲದಷ್ಟು ಚಿಕ್ಕದು. ಇದೊಂದು ಮಾತು ನೆನಪಿನಲ್ಲಿ ಉಳಿದರೆ ಸಾಕು.

ಹೇಗೆ ಚಿಕ್ಕದು ಎಂದು ಹೇಳುತ್ತೇನೆ. ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳು ಕೆಳಗಿನಿಂದ ಜಿ, ಡಿ, ಎ, ಇ. ವಯೋಲಾದ್ದು ಸಿ, ಜಿ, ಡಿ, ಎ. ಮೂರು ತಂತಿಗಳು ಎರಡರಲ್ಲೂ ಒಂದೇ. ಪಿಟೀಲಿಗೆ ಮೇಲೊಂದು ತಂತಿ ಹೆಚ್ಚು, ವಯೋಲಾಕ್ಕೆ ಕೆಳಗೊಂದು ತಂತಿ ಹೆಚ್ಚು. ನಮ್ಮ ಲೆಕ್ಕದಲ್ಲಿ, ಪಿಟೀಲಿನ ಅತಿ ತಗ್ಗಿನ ತಂತಿ ಪಂಚಮವಾದರೆ ವಯೋಲಾದ ಅತಿ ತಗ್ಗಿನ ತಂತಿ ಅದರ ಕೆಳಗಿನ ಷಡ್ಜ. ಷಡ್ಜಕ್ಕೂ ಪಂಚಮಕ್ಕೂ ಇರುವ ಅಂತರ ಎರಡಕ್ಕೆ ಮೂರು. ಹಾಗಾಗಿ ಪಿಟೀಲಿನ ನಾದವನ್ನೇ ಇಷ್ಟು ಕೆಳಗೆ ಇಳಿಸಬೇಕಾದರೆ ವಾದ್ಯದ ಮೈಯೂ ಒಂದೂವರೆ ಪಟ್ಟು ದೊಡ್ಡದಾಗಬೇಕು. ಪಿಟೀಲಿನ ಮೈಯ ಉದ್ದ ಸುಮಾರು 35.5 ಸೆಂಟಿಮೀಟರ್. ಅದರ ಒಂದೂವರೆ ಪಟ್ಟು 53 ಸೆಂಟಿಮೀಟರ್. ಅಂಥದ್ದನ್ನು ಗದ್ದದ ಕೆಳಗೆ ಇಟ್ಟುಕೊಂಡು ನುಡಿಸಲು ಯಾರಿಂದ ಸಾಧ್ಯ? ತೋಳು ತುದಿಯನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ವಯೋಲಾ ತಯಾರಿಸುವವರು 38ರಿಂದ 43 ಸೆಂಟಿಮೀಟರಿನಲ್ಲೇ ನಿಲ್ಲುತ್ತಾರೆ. ಪಿಟೀಲಿಗೆ ಇರುವಂತೆ ವಯೋಲಾಕ್ಕೆ ಗೊತ್ತಾದ ಒಂದೇ ಅಳತೆ ಇಲ್ಲದಿರುವುದೂ ಇದರಿಂದಲೇ. ಶ್ರುತಿ ಕೇಳುವುದು ಒಂದು, ತೋಳು ಒಪ್ಪುವುದು ಇನ್ನೊಂದು.

ಹಂಡೆಯಲ್ಲಿ ಮೊಳಗಬೇಕಾದ ದನಿಯನ್ನು ಬಿಂದಿಗೆಯಲ್ಲಿ ಮೊಳಗಿಸಿದ ಹಾಗೆ. ತಗ್ಗಿನ ಸ್ವರದ ಬುಡ ತುಸು ಮಂಕಾಗುತ್ತದೆ, ಅದರೊಡನೆ ಹುಟ್ಟುವ ಸ್ವಯಂಭೂ ಸ್ವರಗಳು ಮುಂದೆ ಬರುತ್ತವೆ. ತಂಬೂರಿ ಕೇಳಿ ಪಳಗಿದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ನನ್ನ ವಯೋಲಾದ ಸಿ ತಂತಿಯ ಮೇಲೆ ಕಮಾನು ಎಳೆಯುತ್ತೇನೆ.

(ಸಿ ತಂತಿಯ ನಾದ)

ಕಮಾನು ತಗುಲಿದ ಮೇಲೂ ನಾದ ಏಳಲು ಒಂದು ಗಳಿಗೆ ತಡವಾಯಿತು, ಗಮನಿಸಿದಿರಾ? ತಂತಿ ದಪ್ಪ, ಹಾಗಾಗಿ ಕಮಾನನ್ನೂ ಕೊಂಚ ಭಾರವಾಗಿಯೇ ಮಾಡಿರುತ್ತಾರೆ. ಆ ಒರಟುತನ, ಆ ಕಂದು ಬಣ್ಣದ ನಾದ, ಗಂಟಲಿನೊಳಗಿಂದ ಬಂದಂಥ ಆ ದನಿ ಪಿಟೀಲಿನಲ್ಲಿ ಸಿಗುವುದಿಲ್ಲ. ಮೈ ಚಿಕ್ಕದಾದದ್ದರಿಂದಲೇ ಅದು ವಯೋಲಾಕ್ಕೆ ಸಿಕ್ಕಿದೆ.

ಈಗ ಒಂದು ಪ್ರಸಂಗ ಹೇಳಲೇಬೇಕು. ಪಿಟೀಲಿನ ಮಾಂತ್ರಿಕನೆಂದು ಯುರೋಪೆಲ್ಲ ಕೊಂಡಾಡುತ್ತಿದ್ದ ಪಗನೀನಿಯ ಕೈಗೆ ಇಟಲಿಯ ಹೆಸರಾಂತ ವಾದ್ಯ ತಯಾರಕ ಸ್ಟ್ರಾಡಿವಾರಿ ಮಾಡಿದ ವಯೋಲಾ ಒಂದು ಬಂತು. ಅದಕ್ಕೆ ತಕ್ಕ ಕೃತಿ ಬೇಕೆಂದು ಅವನು ಫ್ರಾನ್ಸಿನ ಸಂಗೀತ ರಚನೆಕಾರ ಬರ್ಲಿಯೋಜ್‌ನನ್ನು ಕೇಳಿದ. ಬರ್ಲಿಯೋಜ್ ಬರೆಯತೊಡಗಿದ. ಮೊದಲ ಭಾಗವನ್ನು ನೋಡಿದ ಪಗನೀನಿಗೆ ನಿರಾಸೆಯಾಯಿತು. ವಯೋಲಾ ಸುಮ್ಮನಿರುವ ಜಾಗಗಳೇ ಹೆಚ್ಚಾಗಿವೆ, ನಾನು ಬಿಡುವಿಲ್ಲದೆ ನುಡಿಸುತ್ತಿರಬೇಕು ಎಂದನಂತೆ. ಬರ್ಲಿಯೋಜ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಅಷ್ಟು ದೊಡ್ಡ ವಿದ್ವಾಂಸನೂ ವಯೋಲಾವನ್ನು ಪಿಟೀಲೆಂದೇ ತಿಳಿದುಬಿಟ್ಟ, ನೋಡಿ!

ಬರ್ಲಿಯೋಜ್ ಮಾತ್ರ ತನ್ನ ದಾರಿ ಬಿಡಲಿಲ್ಲ. 1834ರಲ್ಲಿ 'ಇಟಲಿಯಲ್ಲಿ ಹ್ಯಾರಲ್ಡ್' ಪೂರ್ತಿಯಾಯಿತು. ಪ್ಯಾರಿಸ್ಸಿನ ಮೊದಲ ಪ್ರದರ್ಶನದಲ್ಲಿ ವಯೋಲಾ ನುಡಿಸಿದವನು ಯುರಾನ್ ಎಂಬಾತ. ಅದರಲ್ಲಿ ವಯೋಲಾ ಬೆಟ್ಟಗಳಲ್ಲಿ ಒಂಟಿಯಾಗಿ ತಿರುಗುವ ಮನುಷ್ಯ. ಯಾತ್ರಿಕರ ಸಾಲು ಹಾಡುತ್ತಾ ಸಾಗುವ ಭಾಗದಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಪಕ್ಕದಲ್ಲೇ ಕಮಾನು ಹಿಡಿದು, ತಂತಿಯಿಂದ ತಂತಿಗೆ ಏರಿಳಿಯುತ್ತಾ ನುಡಿಸಬೇಕು. ಗಾಜಿನಂತೆ ತೆಳುವಾದ ನಾದ ಬರುತ್ತದೆ. ಅಲ್ಲಿ ಬೆರಳಿನ ಕಸರತ್ತಿಲ್ಲ. ಯಾತ್ರಿಕರು ಹೋಗುವುದನ್ನು ಒಬ್ಬ ದೂರದಿಂದ ನೋಡುತ್ತಿದ್ದಾನೆ, ಅಷ್ಟೇ. ಪಿಟೀಲಾಗಿದ್ದರೆ ಮುಂದೆ ಬಂದು ನಿಂತುಬಿಡುತ್ತಿತ್ತು.

1838ರ ಡಿಸೆಂಬರ್ 16ರಂದು ಪಗನೀನಿ ಈ ಕೃತಿಯನ್ನು ಮೊದಲ ಸಲ ಕೇಳಿದ. ಆ ವೇಳೆಗೆ ಗಂಟಲಿನ ಕಾಯಿಲೆಯಿಂದ ಅವನ ದನಿ ಹೆಚ್ಚುಕಡಿಮೆ ಹೋಗಿಯೇಬಿಟ್ಟಿತ್ತು. ಎಳೆಯ ಮಗ ಅಖಿಲೆ ಅಪ್ಪನ ಬಾಯಿಗೆ ಕಿವಿಯಿಟ್ಟು ಕೇಳಿಸಿಕೊಂಡು ಬರ್ಲಿಯೋಜ್‌ಗೆ ಹೇಳಬೇಕಾಯಿತು. ಇಷ್ಟರ ಮಟ್ಟಿಗೆ ನನ್ನನ್ನು ಅಲುಗಾಡಿಸಿದ ಕಚೇರಿ ಇನ್ನೊಂದಿಲ್ಲ ಎಂಬುದು ಅವನ ಮಾತಿನ ಸಾರ. ಮಾತು ಸಾಲದೆಂದು ತೋರಿತೋ ಏನೋ, ಬರ್ಲಿಯೋಜ್‌ನ ಕೈ ಹಿಡಿದು ವೇದಿಕೆಗೆ ಎಳೆದೊಯ್ದ. ವಾದ್ಯಗಾರರು ಇನ್ನೂ ಅಲ್ಲೇ ಇದ್ದರು. ಅವರೆದುರಿಗೇ ಮಂಡಿಯೂರಿ ಆ ಕೈಗೆ ಮುತ್ತಿಟ್ಟ. ಎರಡು ದಿನಗಳ ಮೇಲೆ, ಕಾಯಿಲೆ ಬಿದ್ದು ಮಲಗಿದ್ದ ಬರ್ಲಿಯೋಜ್‌ಗೆ ಮಗನ ಕೈಯಲ್ಲಿ ಪತ್ರ ಕಳುಹಿಸಿದ. ಅದರೊಡನೆ 20,000 ಫ್ರಾಂಕ್. ಬರ್ಲಿಯೋಜ್ ಸಾಲ ತೀರಿಸಿ, ಮುಂದಿನ ದೊಡ್ಡ ಕೃತಿಯನ್ನು ನೆಮ್ಮದಿಯಿಂದ ಬರೆದ. 1840ರಲ್ಲಿ ತೀರಿಕೊಂಡ ಪಗನೀನಿಗೆ ಅದನ್ನು ಕೇಳುವ ಯೋಗ ಬರಲಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಚೆಲೊ ವಾದ್ಯಕ್ಕೂ ವಯೋಲಾದ ತಂತಿಗಳೇ, ಆದರೆ ಒಂದು ಸ್ಥಾಯಿ ಕೆಳಗೆ. ಅದನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವುದರಿಂದ ತೋಳಿನ ಗೋಳಿಲ್ಲ, ಮೈಗೆ ಬೆಳೆಯಲು ಜಾಗವಿದೆ. ಡಬಲ್ ಬಾಸ್ ಇನ್ನೂ ದೊಡ್ಡದು, ಅದರ ತಂತಿಗಳ ನಡುವಿನ ಅಂತರ ಪಂಚಮದ್ದಲ್ಲ, ಮಧ್ಯಮದ್ದು. ಮೈಸೂರು ಚೌಡಯ್ಯನವರ ಏಳು ತಂತಿಯ ವಾದ್ಯ ವಯೋಲಾವೇ ಎಂದು ಹಲವರು ಕೇಳುತ್ತಾರೆ. ಖಂಡಿತ ಅಲ್ಲ, ಅದು ಪಿಟೀಲೇ. ಮೈಕು ಇಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಅವರು ಮೂರು ತಂತಿ ಹೆಚ್ಚಿಸಿದರು. ನಮ್ಮಲ್ಲಿ ವಯೋಲಾವನ್ನೇ ಹಿಡಿದು ಕಚೇರಿ ಮಾಡಿದವರು ಬಾಲಮುರಳಿಕೃಷ್ಣ. ನೆಲದ ಮೇಲೆ ಕುಳಿತು ವಾದ್ಯದ ತುದಿಯನ್ನು ಪಾದಕ್ಕೆ ಆನಿಸುವ ನಮ್ಮ ಕ್ರಮದಲ್ಲಿ ಎಡಗೈ ಭಾರ ಹೊರಬೇಕಾಗಿಲ್ಲ. ಪಿಟೀಲು ಕಲಿಯುತ್ತಿರುವ ಮಕ್ಕಳು ವಯೋಲಾವನ್ನೂ ಒಮ್ಮೆ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ಬಾನುಲಿಯ ನಂಟೂ ಒಂದಿದೆ. 1936ರ ಜನವರಿಯಲ್ಲಿ ಐದನೆಯ ಜಾರ್ಜ್ ದೊರೆ ತೀರಿಕೊಂಡಾಗ ಲಂಡನ್ನಿನಲ್ಲಿದ್ದ ಜರ್ಮನಿಯ ಸಂಗೀತ ರಚನೆಕಾರ ಹಿಂಡೆಮಿತ್ ಒಂದೇ ದಿನದಲ್ಲಿ ಶೋಕಸಂಗೀತವೊಂದನ್ನು ಬರೆದು, ಮರುದಿನವೇ ಬಿಬಿಸಿಯಲ್ಲಿ ತಾನೇ ವಯೋಲಾ ನುಡಿಸಿದ.

ಈಗ ನಿಮಗೊಂದು ಕೆಲಸ. ಮೊಜಾರ್ಟ್ 1779ರಲ್ಲಿ ಪಿಟೀಲಿಗೂ ವಯೋಲಾಕ್ಕೂ ಸೇರಿಸಿ ಬರೆದ 'ಸಿನ್ಫೋನಿಯಾ ಕನ್ಸರ್ಟಾಂಟೆ'ಯನ್ನು ಹುಡುಕಿ ಕೇಳಿ. ಎರಡನೆಯ ಭಾಗದಿಂದಲೇ ಶುರುಮಾಡಿ. ಮೊದಲು ಮೇಳ, ಆಮೇಲೆ ಪಿಟೀಲು, ಅದಕ್ಕೆ ಉತ್ತರವಾಗಿ ವಯೋಲಾ. ಪಿಟೀಲು ನಿಂತು ವಯೋಲಾ ಎತ್ತಿಕೊಳ್ಳುವ ಆ ಜಾಗವನ್ನು ಎರಡು ಮೂರು ಸಲ ಕೇಳಿ. ಮತ್ತೆ ಯಾರಾದರೂ "ಸ್ವಲ್ಪ ದೊಡ್ಡ ಪಿಟೀಲು ತಾನೇ" ಎಂದರೆ ಅವರಿಗೂ ಅದನ್ನೇ ಕೇಳಿಸಿ. ನಮಸ್ಕಾರ.