ಮಿಶಿಗನ್ನಿನ ಹಿತ್ತಿಲ ಕೊಳಕ್ಕೆ ಚಳಿಗಾಲದ ಸಿದ್ಧತೆ

ನಮಸ್ಕಾರ. ಅಮೆರಿಕದ ಆಗ್ನೇಯ ಮಿಶಿಗನ್ನಿನಲ್ಲಿ ಅಕ್ಟೋಬರ್ ತಿಂಗಳು ಅರ್ಧ ಕಳೆಯುತ್ತ ಬಂದಿದೆ. ಹಿತ್ತಿಲ ಕೊಳದಲ್ಲಿ ಇಳಿಬಿಟ್ಟಿರುವ ಥರ್ಮಾಮೀಟರ್ ಈ ಬೆಳಿಗ್ಗೆ 13 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ಕೊಳ ದೊಡ್ಡದೇನಲ್ಲ. ರಬ್ಬರ್ ಹಾಳೆ ಹಾಸಿ ಮಾಡಿದ, ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ನಡುಮಧ್ಯೆ ಮೂರೂವರೆ ಅಡಿ ಆಳದ ಗುಂಡಿ. ಅದರಲ್ಲಿ ಸುಮಾರು 5,000 ಲೀಟರ್ ನೀರು, ಕೆಲವು ಕೋಯಿ ಮತ್ತು ಗೋಲ್ಡ್‌ಫಿಶ್‌ಗಳು, ನಾಲ್ಕಾರು ಕುಂಡ ನೈದಿಲೆ. ಇದರ ಮೇಲೆ ಮಂಜುಗಡ್ಡೆ ಕಟ್ಟುವ ಮೊದಲು ಮಾಡಿ ಮುಗಿಸಬೇಕಾದ ಕೆಲಸಗಳನ್ನು ಈ ವಿಡಿಯೊದಲ್ಲಿ ತೋರಿಸುತ್ತಿದ್ದೇನೆ.

ಊರಿನಿಂದ ಕರೆ ಮಾಡುವವರೆಲ್ಲ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಅಷ್ಟು ಚಳಿಯಲ್ಲಿ ಮೀನುಗಳು ಬದುಕುತ್ತವೆಯೇ, ಮನೆಯೊಳಗೆ ತಂದಿಡಬಾರದೇ? ಕೋಯಿ ಎಂಬುದು ನಮ್ಮ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯ ಹತ್ತಿರದ ಬಂಧು. ಜಪಾನಿನ ನೀಗಾಟ ಪ್ರಾಂತ್ಯದ ಹಿಮ ಬೀಳುವ ಗುಡ್ಡಗಾಡಿನಲ್ಲಿ ಬಣ್ಣಕ್ಕಾಗಿ ತಳಿ ಮಾಡಿ ಬೆಳೆಸಿದ ಮೀನು ಅದು. ತಣ್ಣೀರನ್ನು ತಡೆದುಕೊಳ್ಳುವ ಶಕ್ತಿ ಅದಕ್ಕೂ ಗೋಲ್ಡ್‌ಫಿಶ್‌ಗೂ ಧಾರಾಳವಾಗಿದೆ. ಇದರ ಜೊತೆಗೆ ನೀರಿನ ಸ್ವಭಾವವೂ ಅವುಗಳ ಪರವಾಗಿದೆ. ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿದ್ದು, ಅದಕ್ಕಿಂತ ತಣ್ಣಗಾದದ್ದು ಹಗುರವಾಗಿ ಮೇಲೆ ನಿಲ್ಲುವುದರಿಂದ, ಹೊರಗೆ ಮೈನಸ್ 20 ಡಿಗ್ರಿಯ ರಾತ್ರಿಯಿದ್ದರೂ ಸಾಕಷ್ಟು ಆಳವಿರುವ ಕೊಳದ ತಳದಲ್ಲಿ ಉಷ್ಣಾಂಶ 4 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೀನುಗಳು ಆ ಪದರಕ್ಕೆ ಇಳಿದು, ಹೆಚ್ಚುಕಡಿಮೆ ಅಲುಗಾಡದೆ ತಿಂಗಳುಗಟ್ಟಲೆ ಇದ್ದುಬಿಡುತ್ತವೆ. ಅವುಗಳಿಗೆ ನಿಜವಾದ ಅಪಾಯವಿರುವುದು ಉಸಿರಿನಲ್ಲಿ. ಕೊಳದ ಮೇಲ್ಮೈ ಪೂರ್ತಿ ಮುಚ್ಚಿಕೊಂಡರೆ ಹೊರಗಿನ ಆಮ್ಲಜನಕ ಒಳಗೆ ಹೋಗುವುದಿಲ್ಲ. ತಳದ ಕೊಳೆಯಿಂದ ಏಳುವ ಇಂಗಾಲದ ಡೈಆಕ್ಸೈಡ್, ಮೀಥೇನ್, ಹೈಡ್ರೋಜನ್ ಸಲ್ಫೈಡ್‌ಗಳು ಹೊರಗೆ ಬರುವುದಿಲ್ಲ. ಇಂದು ಮಾಡಲಿರುವ ಕೆಲಸಗಳಲ್ಲಿ ಹೆಚ್ಚಿನವು ಈ ಒಂದು ಕಾರಣಕ್ಕಾಗಿಯೇ ಇವೆ.

ಈಗ ಪರದೆಯ ಮೇಲೆ ಕಾಣುತ್ತಿರುವುದು ಎಲೆ ತಡೆಯುವ ಬಲೆ. ಇದನ್ನು ಸೆಪ್ಟೆಂಬರ್ ಕೊನೆಯಲ್ಲಿಯೇ ಹಾಕಿದ್ದೇನೆ, ಏಕೆಂದರೆ ಎಲೆ ಉದುರಲು ಆರಂಭವಾದ ಮೇಲೆ ಬಲೆ ಹಾಕುವುದೆಂದರೆ ಅರ್ಧ ಎಲೆಗಳನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಬಲೆಯನ್ನು ನೀರಿನ ಮೇಲೆ ಚಪ್ಪಟೆಯಾಗಿ ಹರಡಿದರೆ ಒದ್ದೆ ಎಲೆಗಳ ಭಾರಕ್ಕೆ ಜೋಲು ಬಿದ್ದು ನೀರಿಗೆ ತಾಗುತ್ತದೆ, ಎಲೆಗಳು ಅಲ್ಲಿಯೇ ನೆನೆದು ಕಷಾಯ ಬಿಡುತ್ತವೆ. ಅದಕ್ಕಾಗಿ ನಡುವೆ ಬಾಗಿದ ಕೊಳವೆಗಳನ್ನು ನೆಟ್ಟು, ಬಲೆಯನ್ನು ಡೇರೆಯ ಹಾಗೆ ಎತ್ತಿ ಕಟ್ಟಿದ್ದೇನೆ. ಬಿದ್ದ ಎಲೆ ಜಾರಿ ಅಂಚಿಗೆ ಬರುತ್ತದೆ. ನಮ್ಮ ಬೇಲಿಯಾಚೆಗಿರುವ ಮೇಪಲ್ ಮರ ಅಕ್ಟೋಬರಿನಲ್ಲಿ ಎಲೆಗಳನ್ನು ಬಹುಪಾಲು ಉದುರಿಸಿ ಮುಗಿಸುತ್ತದೆ, ಆದರೆ ಓಕ್ ಮರಕ್ಕೆ ಅಂಥ ಶಿಸ್ತಿಲ್ಲ. ಕಂದುಬಣ್ಣಕ್ಕೆ ತಿರುಗಿದ ಎಲೆಗಳನ್ನು ನವೆಂಬರ್ ಕಳೆದರೂ ಹಿಡಿದುಕೊಂಡೇ ಇರುತ್ತದೆ. ಬಲೆಯನ್ನು ಯಾವಾಗ ತೆಗೆಯಬೇಕು ಎಂಬುದನ್ನು ತೀರ್ಮಾನಿಸುವುದು ಕ್ಯಾಲೆಂಡರಲ್ಲ, ಆ ಓಕ್ ಮರ. ಈ ಬಲೆಯಿಂದ ಇನ್ನೊಂದು ಪ್ರಯೋಜನವೂ ಇದೆ. ದಕ್ಷಿಣಕ್ಕೆ ಹೊರಡುವ ಮುನ್ನ ಹೊಟ್ಟೆ ತುಂಬಿಸಿಕೊಳ್ಳಲು ಬರುವ ಗ್ರೇಟ್ ಬ್ಲೂ ಹೆರಾನ್ ಎಂಬ ನಾಲ್ಕಡಿ ಎತ್ತರದ ಬಕಪಕ್ಷಿಗೆ, ಚಳಿಗೆ ಮಂದವಾದ ಕೋಯಿಗಳು ಸುಲಭದ ತುತ್ತು. ಬಲೆಯಿದ್ದರೆ ಅದು ದಂಡೆಯಲ್ಲಿ ಸ್ವಲ್ಪ ಹೊತ್ತು ಧ್ಯಾನ ಮಾಡಿ ಹೊರಟುಹೋಗುತ್ತದೆ.

ತಳದಲ್ಲಿ ಈಗಾಗಲೇ ಕೂತಿರುವ ಹೂಳನ್ನು ಉದ್ದ ಹಿಡಿಯ ಜಾಲರಿಯಿಂದ ನಿಧಾನವಾಗಿ ತೆಗೆಯುತ್ತಿದ್ದೇನೆ. ಇಲ್ಲಿ ಅತಿಯಾದ ಶುಚಿತ್ವ ಬೇಡವೆಂಬುದು ನನ್ನ ಅಭಿಪ್ರಾಯ. ಗ್ರೀನ್ ಫ್ರಾಗ್ ಎಂಬ ಇಲ್ಲಿಯ ಕಪ್ಪೆ ನೀರಿನ ತಳದಲ್ಲಿಯೇ ಚಳಿಗಾಲ ಕಳೆಯುತ್ತದೆ, ಆಗ ಚರ್ಮದ ಮೂಲಕವೇ ನೀರಿನಿಂದ ಆಮ್ಲಜನಕ ಪಡೆಯುತ್ತದೆ. ಅದರ ಗೊದಮೊಟ್ಟೆಗಳು ಕೂಡ ಮಂಜುಗಡ್ಡೆಯ ಕೆಳಗೆ ಉಳಿದು ಮುಂದಿನ ವರ್ಷ ಕಪ್ಪೆಯಾಗುತ್ತವೆ. ಜಾಲರಿಗೆ ಬಂದ ಹೂಳನ್ನು ಸ್ವಲ್ಪ ಹೊತ್ತು ದಂಡೆಯ ಮೇಲೆ ಬಿಟ್ಟರೆ ಅದರಲ್ಲಿ ಸಿಕ್ಕಿಬಿದ್ದ ಜೀವಗಳು ಹೊರಗೆ ಬರುತ್ತವೆ, ಅವನ್ನು ಮರಳಿ ನೀರಿಗೆ ಬಿಡಬಹುದು. ವುಡ್ ಫ್ರಾಗ್ ಎಂಬ ಇನ್ನೊಂದು ಕಪ್ಪೆಯದು ಬೇರೆಯೇ ಕಥೆ: ಅದು ಕಾಡಿನ ತರಗೆಲೆಗಳ ಅಡಿಯಲ್ಲಿ ಕೂತು, ದೇಹದ ನೀರಿನ ಬಹುಭಾಗ ಹೆಪ್ಪುಗಟ್ಟಿ, ಹೃದಯವೂ ನಿಂತು, ವಸಂತದಲ್ಲಿ ಮತ್ತೆ ಎದ್ದು ಕುಪ್ಪಳಿಸುತ್ತದೆ.

ಸಸ್ಯಗಳ ವಿಚಾರ. ಚಳಿ ತಡೆಯುವ ನೈದಿಲೆಯ ಹಳದಿಯಾದ ಎಲೆಗಳನ್ನೂ ದಂಟುಗಳನ್ನೂ ಬುಡದಿಂದ ಒಂದೆರಡು ಇಂಚು ಬಿಟ್ಟು ಕತ್ತರಿಸಿ, ಕುಂಡಗಳನ್ನು ಅಂಚಿನ ಮೆಟ್ಟಿಲಿನಿಂದ ಕೊಳದ ಆಳಕ್ಕೆ ಇಳಿಸುತ್ತಿದ್ದೇನೆ. ಗೆಡ್ಡೆ ಹೆಪ್ಪುಗಟ್ಟದಿದ್ದರೆ ಸಾಕು, ಮೇ ತಿಂಗಳಲ್ಲಿ ಹೊಸ ಎಲೆ ಬರುತ್ತದೆ. ತಾವರೆಗೂ ಇದೇ ನಿಯಮ. ಉಷ್ಣವಲಯದ ನೀಲಿ ನೈದಿಲೆ ಮಾತ್ರ ಇಲ್ಲಿ ಉಳಿಯುವುದಿಲ್ಲ. ಅದರ ಗೆಡ್ಡೆಯನ್ನು ತೊಳೆದು, ತೇವವಾದ ಮರಳಿನಲ್ಲಿ ಹುಗಿದು, ನೆಲಮಾಳಿಗೆಯ ತಂಪಾದ ಮೂಲೆಯಲ್ಲಿ ಇಡಬೇಕು. ಬೇಸಿಗೆಯಲ್ಲಿ ನೆರಳಿಗಾಗಿ ತೇಲಿಬಿಟ್ಟಿದ್ದ ವಾಟರ್ ಹಯಾಸಿಂತ್ ಮತ್ತು ಅಂತರಗಂಗೆ ಮೊದಲ ಇಬ್ಬನಿಗಡ್ಡೆಗೇ ಕರಗಿ ಲೋಳೆಯಾಗುವುದರಿಂದ, ಈಗಲೇ ಎತ್ತಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದೇನೆ. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ವಾಟರ್ ಹಯಾಸಿಂತ್ ಹಬ್ಬಿದ್ದನ್ನು ಕಂಡವರಿಗೆ ಇಲ್ಲಿನ ಅಂಗಡಿಗಳಲ್ಲಿ ಒಂದೊಂದು ಗಿಡಕ್ಕೂ ಡಾಲರುಗಟ್ಟಲೆ ಕೊಟ್ಟು ಕೊಳ್ಳುತ್ತಿದ್ದುದು ವಿಚಿತ್ರವೆನ್ನಿಸಬಹುದು. ಹಾಗಿದ್ದರೂ ಇವನ್ನು ಹತ್ತಿರದ ಕೆರೆಗೋ ಹಳ್ಳಕ್ಕೋ ಎಸೆಯಕೂಡದು.

ಆಹಾರದ ವಿಷಯದಲ್ಲಿ ಮನಸ್ಸು ಗಟ್ಟಿಮಾಡಿಕೊಳ್ಳಬೇಕಾಗುತ್ತದೆ. ನೀರು 15 ಡಿಗ್ರಿಗಿಂತ ಕೆಳಗಿಳಿದಾಗ ಪ್ರೋಟೀನ್ ಹೆಚ್ಚಿರುವ ಬೇಸಿಗೆಯ ಆಹಾರವನ್ನು ಬಿಟ್ಟು, ಗೋಧಿಯ ಮೊಳಕೆಯಂಶದಿಂದ ಮಾಡಿದ, ಸುಲಭವಾಗಿ ಜೀರ್ಣವಾಗುವ ಗುಳಿಗೆಗಳನ್ನು ಸ್ವಲ್ಪವೇ ಕೊಡುತ್ತೇನೆ. 10 ಡಿಗ್ರಿಯ ಕೆಳಗೆ, ಅಂದರೆ ಇಲ್ಲಿನ ಲೆಕ್ಕದ 50 ಫ್ಯಾರನ್‌ಹೀಟ್‌ನ ಕೆಳಗೆ, ಏನನ್ನೂ ಕೊಡುವುದಿಲ್ಲ. ಮೀನು ಶೀತರಕ್ತದ ಜೀವಿ; ಅದರ ಜೀರ್ಣಕ್ರಿಯೆ ನೀರಿನ ಉಷ್ಣಾಂಶವನ್ನೇ ಅನುಸರಿಸುತ್ತದೆ, ಕೊಟ್ಟ ಆಹಾರ ಕರುಳಿನಲ್ಲಿಯೇ ಉಳಿದು ಕೆಡಬಹುದು. ಮೇಲಾಗಿ, ತ್ಯಾಜ್ಯದ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳೂ ಆ ತಂಪಿನಲ್ಲಿ ಬಹಳ ನಿಧಾನವಾಗಿರುತ್ತವೆ. ನವೆಂಬರಿನ ಒಂದು ಬಿಸಿಲಿನ ಮಧ್ಯಾಹ್ನ ಮೀನುಗಳು ಮೇಲೆ ಬಂದು ಬಾಯಿ ತೆರೆದು ಕಾಯುತ್ತವೆ. ಕೊಡಬೇಡಿ. ಬೇಸಿಗೆಯಲ್ಲಿ ತಿಂದ ಕೊಬ್ಬಿನ ಮೇಲೆ ಅವು ನೆಮ್ಮದಿಯಾಗಿ ಚಳಿಗಾಲ ದಾಟುತ್ತವೆ.

ಪಂಪನ್ನು ನೀರು 10 ಡಿಗ್ರಿಗೆ ಇಳಿದಾಗ ನಿಲ್ಲಿಸುತ್ತೇನೆ. ಸಣ್ಣ ಜಲಪಾತವನ್ನು ಚಳಿಗಾಲವಿಡೀ ಹರಿಯಬಿಡುವವರೂ ಇದ್ದಾರೆ, ನೋಡಲು ಸೊಗಸಾಗಿಯೂ ಇರುತ್ತದೆ. ಆದರೆ ಕಲ್ಲುಗಳ ನಡುವೆ ಮಂಜುಗಡ್ಡೆಯ ಅಣೆಕಟ್ಟು ಬೆಳೆದರೆ ನೀರು ದಂಡೆ ದಾಟಿ ಹೊರಗೆ ಹರಿದು ಕೊಳ ಬರಿದಾಗುವ ಸಾಧ್ಯತೆ ಇರುವುದರಿಂದ ನನಗೆ ಆ ಸೊಗಸು ಬೇಕಿಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಹೀಗಾಗಿ ಕೊಳವೆಗಳು, ಶೋಧಕದ ಡಬ್ಬಿ, ಯುವಿ (ಅತಿನೇರಳೆ) ದೀಪದ ಗಾಜಿನ ಕವಚ ಎಲ್ಲವನ್ನೂ ಪೂರ್ತಿ ಬರಿದು ಮಾಡಬೇಕು. ಪಂಪನ್ನು ತೊಳೆದು, ಅದರ ಸೀಲುಗಳು ಒಣಗಿ ಬಿರಿಯದಂತೆ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ನೆಲಮಾಳಿಗೆಯಲ್ಲಿ ಇಡುತ್ತೇನೆ.

ಇನ್ನು ಮಂಜುಗಡ್ಡೆಯಲ್ಲಿ ಕಿಂಡಿ ಉಳಿಸುವ ಏರ್ಪಾಡು. ಮಂಜುಗಡ್ಡೆ ಕಟ್ಟದಂತೆ ತಡೆಯುವ ತೇಲುವ ಡಿಐಸರ್ ಇಡೀ ಕೊಳವನ್ನು ಬಿಸಿ ಮಾಡುವ ಸಾಧನವಲ್ಲ. ತನ್ನ ಸುತ್ತ ಒಂದೆರಡು ಅಡಿ ಜಾಗವನ್ನು ಮಾತ್ರ ತೆರೆದಿಡುತ್ತದೆ. 1,500 ವ್ಯಾಟಿನದು ಎಡೆಬಿಡದೆ ಉರಿದರೆ ದಿನಕ್ಕೆ 36 ಯೂನಿಟ್ ವಿದ್ಯುತ್ ನುಂಗುತ್ತದೆ, ಆದ್ದರಿಂದ ಥರ್ಮೋಸ್ಟಾಟ್ ಇರುವ 300 ವ್ಯಾಟಿನ ಸಾಧನವನ್ನು ಆರಿಸಿಕೊಂಡಿದ್ದೇನೆ. ಅದರ ಜೊತೆಗೆ ಗಾಳಿಯ ಪಂಪೊಂದು ಇಡೀ ಚಳಿಗಾಲ ನಡೆಯುತ್ತದೆ. ಗುಳ್ಳೆ ಬಿಡುವ ಕಲ್ಲನ್ನು ತಳದಲ್ಲಿಡದೆ, ಮೇಲ್ಮೈಯಿಂದ ಒಂದಡಿ ಕೆಳಗೆ, ಅಂಚಿನ ಮೆಟ್ಟಿಲಿನ ಮೇಲೆ ಇಟ್ಟಿರುವುದನ್ನು ಗಮನಿಸಿ. ತಳದಲ್ಲಿಟ್ಟರೆ ಗುಳ್ಳೆಗಳು ಬೆಚ್ಚಗಿನ ಪದರವನ್ನು ಮೇಲೆತ್ತಿ ತಣ್ಣೀರಿನೊಂದಿಗೆ ಕಲಸಿ, ಮೀನುಗಳ ಆಶ್ರಯವನ್ನೇ ಕೆಡಿಸುತ್ತವೆ. ಎರಡೂ ತಂತಿಗಳನ್ನು ವಿದ್ಯುತ್ ನೆಲಕ್ಕೆ ಸೋರಿದೊಡನೆ ಸಂಪರ್ಕ ಕಡಿಯುವ ಹೊರಾಂಗಣ ಸಾಕೆಟ್ಟಿಗೆ ಜೋಡಿಸಿದ್ದೇನೆ. ಇದರಲ್ಲಿ ರಾಜಿ ಸಲ್ಲದು.

ಕಿಂಡಿ ಮುಚ್ಚಿಕೊಂಡರೆ ಸುತ್ತಿಗೆಯಿಂದ ಹೊಡೆಯಬಾರದು, ಏಕೆಂದರೆ ಆ ಪೆಟ್ಟಿನ ಒತ್ತಡದ ಅಲೆ ನೀರಿನಲ್ಲಿ ಸಾಗಿ ಮೀನಿಗೆ ಹಾನಿ ಮಾಡುತ್ತದೆ. ಕುದಿಯುವ ನೀರಿನ ಪಾತ್ರೆಯನ್ನು ಮಂಜುಗಡ್ಡೆಯ ಮೇಲೆ ಇಟ್ಟು, ಅದು ತಾನಾಗಿ ಕರಗಿಸಿಕೊಂಡು ಇಳಿಯುವವರೆಗೆ ಕಾಯಬೇಕು. ಪಾತ್ರೆಯ ಹಿಡಿಗೆ ಹಗ್ಗ ಕಟ್ಟಿರಲಿ. ದಪ್ಪನೆಯ ಹಿಮ ಬಿದ್ದಾಗ ಮಂಜುಗಡ್ಡೆಯ ಮೇಲೆ ಹತ್ತದೆ, ದಂಡೆಯಿಂದಲೇ ಉದ್ದನೆಯ ಪೊರಕೆಯಿಂದ ಒಂದು ಭಾಗವನ್ನಾದರೂ ಗುಡಿಸಿದರೆ ಬೆಳಕು ಒಳಗಿಳಿದು, ಪಾಚಿ ತುಸುವಾದರೂ ಆಮ್ಲಜನಕ ಕೊಡುತ್ತಿರುತ್ತದೆ. 2023ರ ಫೆಬ್ರವರಿಯ ಹಿಮಗಡ್ಡೆಯ ಬಿರುಗಾಳಿಯಲ್ಲಿ ಈ ಪ್ರದೇಶದ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಹೋಗಿ, ಅನೇಕ ಕಡೆ ದಿನಗಟ್ಟಲೆ ಬರಲಿಲ್ಲ. ಅಂಥ ಸಂದರ್ಭಕ್ಕಾಗಿ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪೊಂದನ್ನು ಚಾರ್ಜ್ ಮಾಡಿ ಗ್ಯಾರೇಜಿನ ಕಪಾಟಿನಲ್ಲಿ ಇಟ್ಟಿದ್ದೇನೆ, ಅದರ ಕೊಳವೆಯ ಅಳತೆ ಈ ಗುಳ್ಳೆ ಕಲ್ಲಿಗೆ ಸರಿಹೊಂದುತ್ತದೆ. ದೊಡ್ಡ ಪಂಪು ಮತ್ತೆ ನೀರಿಗಿಳಿಯುವುದು ಏಪ್ರಿಲಿನಲ್ಲಿ, ನೀರು 10 ಡಿಗ್ರಿಯ ಮೇಲೆ ಸ್ಥಿರವಾಗಿ ನಿಂತ ನಂತರ.